ಮೆಲ್ಬರ್ನ್ ಗಿಡುಗದ ಬಾಣಂತನ

ಬೆಳಿಗ್ಗೆ ಆರೂವರೆಗೆ ಮೈಸೂರು ಸರಸ್ವತೀಪುರಂನ ನಮ್ಮ ಮನೆಯಲ್ಲಿ ಹಾಲು ಉಕ್ಕಿತು ಅಂದರೆ, ಮೆಲ್ಬರ್ನ್‌ನಲ್ಲಿ ಗಿಡುಗದ ಮರಿಗಳು ಊಟಕ್ಕೆ ಕೂತಿವೆ ಅಂತ ತಿಳಿಯಬೇಕು. ಅಲ್ಲಿನ ಗಡಿಯಾರ ಆ ತಿಂಗಳುಗಳಲ್ಲಿ ನಮಗಿಂತ ಐದೂವರೆ ಗಂಟೆ ಮುಂದೆ. ನಮಗೆ ಕಾಫಿ ಹೊತ್ತು, ಅವಕ್ಕೆ ಮಧ್ಯಾಹ್ನದ ಪಾರಿವಾಳ.

ಎಲ್ಲಕ್ಕೂ ಕಾರಣ ನನ್ನ ತಮ್ಮ. ಕೆಲಸ ಮೆಲ್ಬರ್ನ್‌ನಲ್ಲಿ. ಅಮ್ಮನಿಗೆ ಹೊತ್ತು ಹೋಗಲಿ ಅಂತ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಿದ. ಅಲ್ಲಿ 367 ಕಾಲಿನ್ಸ್ ಸ್ಟ್ರೀಟ್ ಅಂತ ಒಂದು ಎತ್ತರದ ಕಟ್ಟಡ. ಮೂವತ್ತು ಮಹಡಿಗೂ ಮೇಲಿನ ಗೋಡೆಯಂಚಿನಲ್ಲಿ ಪೆರೆಗ್ರಿನ್ ಗಿಡುಗಗಳು ವರ್ಷ ವರ್ಷ ಮರಿ ಮಾಡುತ್ತವೆ. 2017ರಿಂದ ಅದನ್ನು ಕ್ಯಾಮೆರಾ ಇಟ್ಟು ನೇರವಾಗಿ ತೋರಿಸುತ್ತಿದ್ದಾರೆ. ಗೂಡು ಅಂದರೆ ಕಡ್ಡಿ ಗಿಡ್ಡಿ ಏನೂ ಇಲ್ಲ. ಈ ಜಾತಿ ಗೂಡು ಕಟ್ಟುವುದೇ ಇಲ್ಲ. ಸಣ್ಣ ಜಲ್ಲಿಯನ್ನು ಕೆದರಿ ತಗ್ಗು ಮಾಡಿ ಅಲ್ಲೇ ಮೊಟ್ಟೆ ಇಡುತ್ತವೆ. "ಬಾಡಿಗೆಯವರು ಪಾಪ," ಎಂದಳು ಅಮ್ಮ.

ಅಮ್ಮನ ಪಂಚಾಂಗದಲ್ಲಿ ಗೌರಿ ಹಬ್ಬದ ಸುಮಾರಿಗೆ ಮೊಟ್ಟೆ, ದಸರಾಕ್ಕೆ ಮರಿ, ದೀಪಾವಳಿಗೆ ಹಾರಾಟ. ಹೆಚ್ಚೂಕಮ್ಮಿ ಸರಿಯೇ. ಕಾವು ಒಂದು ತಿಂಗಳ ಮೇಲೆ, ಆಮೇಲೆ ಮರಿ ಹಾರಲು ಸುಮಾರು ಆರು ವಾರ. ಒಂದು ಕಾಲಕ್ಕೆ ಡಿಡಿಟಿ ಅನ್ನುವ ಕೀಟನಾಶಕದಿಂದಾಗಿ ಈ ಹಕ್ಕಿಗಳ ಮೊಟ್ಟೆಚಿಪ್ಪು ತೆಳುವಾಗಿ, ಕಾವಿಗೆ ಕೂತರೆ ಒಡೆದುಹೋಗುತ್ತಿದ್ದವು ಅಂತ ಹೇಳಿದೆ. "ಮಂಡ್ಯದಲ್ಲಿ ನಮ್ಮ ಮನೆ ಗೋಡೆಗೂ ಅದನ್ನೇ ಹೊಡೆದಿದ್ರು. ಸೊಳ್ಳೆ ಮಾತ್ರ ಹಾಗೇ ಇತ್ತು," ಎಂದಳು.

ಮೊಟ್ಟೆ ಹಾಕಿದ ಕೇಕ್ ಇಟ್ಟ ತಟ್ಟೆಯನ್ನೂ ಮುಟ್ಟದವಳು ನಮ್ಮಮ್ಮ. ಈಗ ಫೋನನ್ನು ಟೀವಿಗೆ ಹಾಕಿಸಿಕೊಂಡು, ತಾಯಿ ಗಿಡುಗ ಪಾರಿವಾಳದ ಪುಕ್ಕ ಕಿತ್ತು ಚೂರು ಚೂರಾಗಿ ತಿನ್ನಿಸುವುದನ್ನು ಇಡ್ಲಿ ತಿನ್ನುತ್ತಾ ನೋಡುತ್ತಾಳೆ. "ಕೊನೇದಕ್ಕೆ ಸರಿಯಾಗಿ ಸಿಗಲಿಲ್ಲ ಕಣೋ." ನನ್ನ ಹೆಂಡತಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಪಾರಿವಾಳದ ಮೇಲೆ ಅಮ್ಮನಿಗೆ ಕನಿಕರ ಇಲ್ಲ. ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಸೀರೆಗಳ ಗತಿ ನೋಡಿದವರಿಗೆ ಕಾರಣ ಗೊತ್ತಾಗುತ್ತದೆ. "ಅರಮನೆ ಮುಂದೆ ಪಾರಿವಾಳಕ್ಕೆ ಕಾಳು ಹಾಕ್ತಿದ್ದೋರು ಒಂದು ಜೋಡಿ ಗಿಡುಗ ತಂದು ಬಿಡಬಾರದಾ?"

ನಿಜವಾದ ಫಜೀತಿ ಶುರುವಾಗಿದ್ದು ಮರಿಗಳು ಹೊರಡುವ ತಯಾರಿಗೆ ಇಳಿದಾಗ. ಬಿಳಿ ತುಪ್ಪಳ ಉದುರಿ ಕಂದು ಗರಿ ಬಂದಿತ್ತು. ತಲೆ ಮೇಲೆ ಮಾತ್ರ ಅಲ್ಲೊಂದು ಇಲ್ಲೊಂದು ಎಳೆ ಉಳಿದು, ಎಣ್ಣೆ ಕಾಣದ ಹುಡುಗರ ಥರ ಕಾಣುತ್ತಿದ್ದವು. ಅಂಚನ್ನು ಉಗುರಲ್ಲಿ ಗಟ್ಟಿಯಾಗಿ ಹಿಡಿದು ರೆಕ್ಕೆ ಪಟಪಟ ಬಡಿಯುತ್ತಿದ್ದವು. ಹಾರುತ್ತಿರಲಿಲ್ಲ. ರೆಕ್ಕೆಗೆ ಬಲ ಬರಲು ಅದು ಕಸರತ್ತು. ಆ ಹೊತ್ತಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸುವವರು ಯಾರು? ಬೇಳೆ ತಳ ಹಿಡಿಯಿತು. ಸಿಲಿಂಡರ್ ಹುಡುಗ ಬೆಲ್ ಒತ್ತಿ ಒತ್ತಿ ವಾಪಸ್ ಹೋದ.

ಆ ಅಂಚಿನ ಉದ್ದಕ್ಕೂ ಮಳೆನೀರು ಹರಿಯುವ ಓಣಿಯಂಥ ಜಾಗ ಇದೆ. ಮರಿಗಳು ಅದರೊಳಗೆ ಓಡಿ ಕ್ಯಾಮೆರಾ ಕಣ್ಣಿಗೆ ಮರೆಯಾಗಿಬಿಡುತ್ತವೆ. ಒಂದು ದಿನ ಹಾಗೇ ಆಯಿತು. ಅಮ್ಮ ಚಾಮುಂಡಿಗೆ ಕೈಮುಗಿದು, ಮರಿಗಳೆಲ್ಲ ಸುಖವಾಗಿ ಹಾರಿದರೆ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇವೆ ಅಂತ ಹರಕೆ ಹೊತ್ತಳು. ಆಮೇಲೆ ತಮ್ಮನಿಗೆ ಫೋನ್.

"ಮೂರರಲ್ಲಿ ಎರಡೇ ಕಾಣ್ತಿವೆ. ಆ ಕಟ್ಟಡದ ಕೆಳಗೆ ಬಿದ್ದಿದೆಯಾ ನೋಡಿ ಬಾ."

"ಮೀಟಿಂಗಲ್ಲಿದ್ದೀನಮ್ಮ."

"ನಿನ್ನ ಮೀಟಿಂಗೇನು ಹಾರಿಹೋಗಲ್ಲ."

ಪುಣ್ಯಾತ್ಮ ಹೋದ. ಫುಟ್‌ಪಾತಿನಲ್ಲಿ ಕತ್ತೆತ್ತಿ ನಿಂತ. ಟ್ರಾಮಿನಿಂದ ಇಳಿದವರೂ ಅವನ ಪಕ್ಕ ನಿಂತು ಮೇಲೆ ನೋಡತೊಡಗಿದರಂತೆ. ಅಷ್ಟರಲ್ಲಿ ಮರಿ ಓಣಿಯಿಂದ ಆರಾಮಾಗಿ ನಡೆದು ವಾಪಸ್ ಬಂದಿತ್ತು. ಅದನ್ನು ತಮ್ಮನಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಸಾಮಾನ್ಯವಾಗಿ ಗಂಡು ಮರಿಗಳೇ ಮೊದಲು ಹಾರುತ್ತವೆ. ಅವು ಚಿಕ್ಕವು, ಹಗುರ. ಅದರಂತೆ ಎರಡು ಹೊರಟವು. ಉಳಿದ ಹೆಣ್ಣು ಮರಿ ಮಾತ್ರ ಕೆಳಗೆ ಇಣುಕುವುದು, ಹಿಂದೆ ಸರಿಯುವುದು. ಮುಂದೆ ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ ಬೇಟೆಯ ಮೇಲೆ ಎರಗುವ ಹಕ್ಕಿ ಇದು! ದೊಡ್ಡ ಗಿಡುಗಗಳು ಬೇಟೆಯನ್ನು ಕಾಲಲ್ಲಿ ಹಿಡಿದು ಅದರ ಮುಂದೆಯೇ ಹಾರಾಡಿ ಆಸೆ ತೋರಿಸುತ್ತಿದ್ದವು, ಕೊಡುತ್ತಿರಲಿಲ್ಲ. ಅಮ್ಮನಿಗೆ ಸಿಟ್ಟು ಬಂತು. "ಹಸಿದ ಹೊಟ್ಟೇಲಿ ಮಕ್ಕಳನ್ನ ಯಾರಾದ್ರೂ ಪ್ರಯಾಣಕ್ಕೆ ಕಳಿಸ್ತಾರಾ?"

ಕೊನೆಗೂ ಅದು ಅಂಚಿಗೆ ಬಂದು ರೆಕ್ಕೆ ಬಿಚ್ಚಿತು. ಅದೇ ಗಳಿಗೆಗೆ ಇಲ್ಲಿ ಕರೆಂಟ್ ಹೋಯಿತು. ಟೀವಿ ಕಪ್ಪು, ವೈಫೈ ಸತ್ತಿತು. ಫೋನಿನಲ್ಲಿ ಚಕ್ರ ತಿರುಗಿ ತಿರುಗಿ ಚಿತ್ರ ಬರುವಷ್ಟರಲ್ಲಿ ಜಲ್ಲಿ ಖಾಲಿ. ಹಿಂದಕ್ಕೆ ಓಡಿಸಿ ತೋರಿಸಿದೆ. ಅಮ್ಮ ಒಪ್ಪಲಿಲ್ಲ. "ಇದು ಲೈವ್ ಅಲ್ವಲ್ಲ." ಹಾರಿದ ಮೇಲೂ ಎಷ್ಟೋ ವಾರ ಅಪ್ಪ ಅಮ್ಮನೇ ತಂದು ತಿನ್ನಿಸುತ್ತವೆ ಅಂದಮೇಲೆ ಸ್ವಲ್ಪ ಸಮಾಧಾನವಾಯಿತು.

ಹರಕೆ ಹೊತ್ತವಳು ಅಮ್ಮ. ಮಂಡಿನೋವು ಇರುವವಳೂ ಅಮ್ಮ. ಹಾಗಾಗಿ ಭಾನುವಾರ ಮೆಟ್ಟಿಲು ಹತ್ತಿದವನು ನಾನು. ದೊಡ್ಡ ನಂದಿಯ ಹತ್ತಿರ ಏದುಸಿರು ಬಿಡುತ್ತಾ ಕೂತಿದ್ದೆ. ಫೋನ್ ಬಂತು.

"ಎಲ್ಲಿದ್ದೀಯಾ?"

"ನಂದಿ ಹತ್ರ."

"ನಿಧಾನವಾಗಿ ಹತ್ತು. ಬರೋ ಭಾನುವಾರ, ಅದರ ಮುಂದಿನ ಭಾನುವಾರ ಏನೂ ಕೆಲಸ ಇಟ್ಕೋಬೇಡ. ನಾನು ಹೊತ್ತಿದ್ದು ಮರಿಗೊಂದು ಸಲ ಅಂತ."