ತಲೆ ಹೋದ ಬೋಲ್ಟು

ಬೋಲ್ಟು ಮುರಿಯುವ ಮೊದಲು ಒಂದು ಕ್ಷಣ ಸುಳ್ಳು ಖುಷಿ ಕೊಡುತ್ತದೆ. ಅಷ್ಟು ಹೊತ್ತು ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿದ್ದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಗುತ್ತದೆ. ಬಂತು, ಸಡಿಲ ಆಯ್ತು ಅಂತ ಮನಸ್ಸು ಹಿಗ್ಗುವಷ್ಟರಲ್ಲಿ ಟಪ್ ಅಂತ ಸದ್ದು. ನೋಡಿದರೆ ಸ್ಪ್ಯಾನರಿನ ಸಾಕೆಟ್ ಒಳಗೆ ಬೋಲ್ಟಿನ ತಲೆ, ಇಂಜಿನ್ ಒಳಗೆ ಮುಂಡ. ಮೆತ್ತಗಾದದ್ದು ಥ್ರೆಡ್ (ಬೋಲ್ಟಿನ ಸುರುಳಿ ಗೀರು) ಬಿಟ್ಟುಕೊಟ್ಟಿದ್ದರಿಂದ ಅಲ್ಲ, ಉಕ್ಕು ಒಳಗೊಳಗೇ ತಿರುಚಿಕೊಳ್ಳುತ್ತಿದ್ದುದರಿಂದ. ಕೈಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಅನಿಸುತ್ತವೆ, ಅದೇ ತಕರಾರು. ಕೈ ಪಳಗಿದವರು ಕಿವಿಯನ್ನೂ ಕೊಟ್ಟಿರುತ್ತಾರೆ. ತುಕ್ಕು ಹಿಡಿದ ಬೋಲ್ಟು ಸಡಿಲವಾಗುವಾಗ ಸಾಮಾನ್ಯವಾಗಿ ಕಿರ್ ಅನ್ನುತ್ತದೆ, ಗೊಣಗುತ್ತದೆ. ಸದ್ದಿಲ್ಲದೆ ತಿರುಗಿದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ನಿಲ್ಲಿಸುವವರು ಕಡಿಮೆ, ಆ ಮಾತು ಬೇರೆ.

ಆಮೇಲೆ ಜನ ಸೇರುತ್ತಾರೆ. ಬೋಲ್ಟು ಗಟ್ಟಿಯಾಗಿ ಕೂತಿದ್ದಾಗ ಒಬ್ಬರೂ ಇರುವುದಿಲ್ಲ, ಮುರಿದ ಮೇಲೆ ಎಲ್ಲರೂ ಬಲ್ಲವರೇ. ಒಬ್ಬರು ಎಣ್ಣೆ ಬಿಡಿ ಅನ್ನುತ್ತಾರೆ. ಇನ್ನೊಬ್ಬರು ಬೆಂಕಿ ಹಿಡಿಯಿರಿ ಅನ್ನುತ್ತಾರೆ. ಮತ್ತೊಬ್ಬರು, ಡ್ರಿಲ್ ಮಾಡಿ, ಮುರಿದ ತುಂಡು ಕೀಳುವ ಎಕ್ಸ್‌ಟ್ರಾಕ್ಟರ್ ಹಾಕಿದರೆ ಐದೇ ನಿಮಿಷದ ಕೆಲಸ ಅನ್ನುತ್ತಾರೆ. ಈ ಐದು ನಿಮಿಷದವರ ಹತ್ತಿರ ಸ್ವಲ್ಪ ಜಾಗ್ರತೆಯಾಗಿರಬೇಕು. ಇಷ್ಟು ಜನರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಬೋಲ್ಟು ಮುರಿದದ್ದು ಹಾಕುವಾಗಲೋ, ತೆಗೆಯುವಾಗಲೋ? ನನ್ನ ಪ್ರಕಾರ ಮುಂದಿನ ಕಥೆಯೆಲ್ಲ ಈ ಉತ್ತರದ ಮೇಲೇ ನಿಂತಿರುತ್ತದೆ.

ಹಾಕುವಾಗ ಮುರಿದದ್ದು ಸಾಧು ಪ್ರಾಣಿ. ಕವರುಗಳಿಗೆ ಹಾಕುವ ಸಣ್ಣ 6 ಎಂಎಂ ಬೋಲ್ಟಿಗೆ ಸಾಧಾರಣವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಹಿಡಿ 20 ಸೆಂಟಿಮೀಟರ್ ಉದ್ದ ಇದ್ದರೆ, ತುದಿಯಲ್ಲಿ ಸುಮಾರು 5 ಕೆಜಿ ಭಾರದಷ್ಟು ಒತ್ತಿದರೆ ಅಷ್ಟಾಯಿತು. ನಮ್ಮ ಕೈಗಳಿಗೆ ಅಷ್ಟಕ್ಕೆ ಸಮಾಧಾನ ಎಲ್ಲಿ? ಇನ್ನೊಂದು ಸುತ್ತು ಇರಲಿ, ಜಾಸ್ತಿ ಆದರೆ ನಷ್ಟವೇನು ಅಂತ ಎಳೆಯುತ್ತೇವೆ. ಬಿಗಿ ಮಾಡಿದ ಬೋಲ್ಟು ಅಂದರೆ ಎಳೆದು ಕೂರಿಸಿದ ಸ್ಪ್ರಿಂಗು. ಅದು ಕೂದಲೆಳೆಯಷ್ಟು ಉದ್ದವಾಗಿ, ಮತ್ತೆ ಗಿಡ್ಡ ಆಗಬೇಕು ಅಂತ ಸದಾ ಎಳೆಯುತ್ತಿರುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ತಲೆ ಹಾರಿದ ಕೂಡಲೇ ಎಳೆತ ಮುಗಿಯಿತು. ಒಳಗೆ ಉಳಿದ ತುಂಡಿಗೆ ಯಾರ ಮೇಲೂ ಹಟ ಇಲ್ಲ, ಸುಮ್ನೆ ಥ್ರೆಡ್‌ನಲ್ಲಿ ಕೂತಿರುತ್ತದೆ, ಅಷ್ಟೆ. ಎಷ್ಟೋ ಸಲ ಚೂಪಾದ ಪಂಚ್ ಇಟ್ಟು ಅಂಚಿನಲ್ಲಿ ಮೆಲ್ಲಗೆ ತಟ್ಟುತ್ತಾ ಹೋದರೆ ತಾನಾಗಿಯೇ ತಿರುಗಿಕೊಂಡು ಬರುತ್ತದೆ.

ತೆಗೆಯುವಾಗ ಮುರಿದದ್ದು ಹಾಗಲ್ಲ. ಅದನ್ನು ಹಿಡಿದಿರುವುದು ಬಿಗಿ ಅಲ್ಲ, ತುಕ್ಕು. ಈಗಿನ ಹೆಚ್ಚಿನ ಕಾರುಗಳಲ್ಲಿ ಸಿಲಿಂಡರ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಗಾಡಿ ಓಡಿದಾಗಲೆಲ್ಲ ಹಿಗ್ಗು, ನಿಂತಾಗಲೆಲ್ಲ ಕುಗ್ಗು. ಸಂದಿಯಲ್ಲಿ ನೀರು, ಉಪ್ಪು ಸೇರಿದರೆ ಬೇರೆ ಬೇರೆ ಜಾತಿಯ ಈ ಎರಡು ಲೋಹಗಳ ನಡುವೆ ಒಂದು ಪುಟ್ಟ ಬ್ಯಾಟರಿಯೇ ಹುಟ್ಟಿಕೊಂಡು ಅಲ್ಯೂಮಿನಿಯಂ ಸವೆಯುತ್ತದೆ. ಸವೆದು ಉಂಟಾದ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಉಕ್ಕಿನ ತುಕ್ಕಿಗೂ ಅಷ್ಟೆ. ಜಾಗ ಇಲ್ಲದ ಕಡೆ ಅದು ಬೋಲ್ಟನ್ನೇ ಅಮುಕಿ ಹಿಡಿಯುತ್ತದೆ. ಇಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ ಜೋಡಣೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡು, ಅದನ್ನು ಹಿಡಿದಿರುವ ತಲೆಯಿಲ್ಲದ ಬೋಲ್ಟುಗಳಾದ ಸ್ಟಡ್‌ಗಳು ಇದರಲ್ಲಿ ಕುಖ್ಯಾತ, ಅದರಲ್ಲೂ ಎರಡು ತುದಿಯವು. ಕಾದ ಮ್ಯಾನಿಫೋಲ್ಡು ಉದ್ದಕ್ಕೆ ಬೆಳೆದಾಗ ಹೆಚ್ಚು ಸರಿಯುವುದು ತುದಿಗಳೇ ಅಲ್ವಾ, ಅಲ್ಲಿನ ಸ್ಟಡ್‌ಗಳು ದಿನವೂ ಅತ್ತಿತ್ತ ಬಾಗಿ ಬಾಗಿ ಸೋತಿರುತ್ತವೆ. ನಾವು ಸ್ಪ್ಯಾನರ್ ಇಡುವ ಹೊತ್ತಿಗೆ ಅರ್ಧ ಮುರಿದೇ ಇರುತ್ತವೆ. ಅಪವಾದ ಮಾತ್ರ ಕೊನೆಗೆ ಮುಟ್ಟಿದವರ ಮೇಲೆ.

ಈಗ ಐದು ನಿಮಿಷದ ಎಕ್ಸ್‌ಟ್ರಾಕ್ಟರ್ ವಿಷಯಕ್ಕೆ ಬರೋಣ. ಬೋಲ್ಟಿನ ನಡುವೆ ತೂತು ಕೊರೆದು, ಎಡಕ್ಕೆ ಸುರುಳಿ ಇರುವ ಚೂಪು ಉಕ್ಕಿನ ಮೊಳೆಯಂಥದ್ದನ್ನು ಅದರೊಳಗೆ ತಿರುಗಿಸುತ್ತಾರೆ. ತಿರುಗಿಸಿದಷ್ಟೂ ಅದು ಕಚ್ಚಿಕೊಂಡು, ಕೊನೆಗೆ ಬೋಲ್ಟನ್ನೂ ತಿರುಗಿಸಬೇಕು ಅನ್ನುವುದು ಲೆಕ್ಕ. ಸ್ವಲ್ಪ ಯೋಚನೆ ಮಾಡಿ. ಪೂರ್ತಿ ದಪ್ಪದ ಬೋಲ್ಟೇ ತಡೆಯದೆ ಮುರಿದ ಬಿಗಿಯನ್ನು, ಅದರ ಹೊಟ್ಟೆಯೊಳಗೆ ಹಿಡಿಸುವ ಇನ್ನೂ ಸಣ್ಣ ಕಡ್ಡಿ ಬಿಡಿಸಬೇಕಂತೆ! ಸಾಲದ್ದಕ್ಕೆ ಅದರ ಆಕಾರ ಬೆಣೆಯದು. ಒಳಗೆ ಹೋದಷ್ಟೂ ಬೋಲ್ಟಿನ ಗೋಡೆಯನ್ನು ಹೊರಕ್ಕೆ ಒತ್ತಿ ಥ್ರೆಡ್‌ಗೆ ಇನ್ನೂ ಗಟ್ಟಿಯಾಗಿ ಕೂರಿಸುತ್ತದೆ. ಸಾಧು ಬೋಲ್ಟಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸಾಧು ಬೋಲ್ಟಿಗೆ ಇದು ಬೇಕಾಗಿರುವುದೇ ಅಪರೂಪ. ಹಟಮಾರಿ ಬೋಲ್ಟಿನಲ್ಲಿ ಎಕ್ಸ್‌ಟ್ರಾಕ್ಟರೇ ಮುರಿಯುತ್ತದೆ. ಕಾಲಿಗೆ ಹೊಕ್ಕ ಮುಳ್ಳು ತೆಗೆಯಲು ಹೋಗಿ ಸೂಜಿಯೂ ಮುರಿದು ಒಳಗೇ ಕೂತ ಹಾಗಾಯಿತು. ಈ ಸೂಜಿ ಎಷ್ಟು ಗಡುಸು ಅಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಕಿಡಿ ಹಾರಿಸಿ ತಾನೇ ಮೊಂಡಾಗುತ್ತದೆ.

ಹಾಗಾದರೆ ದಾರಿ? ಮೊದಲು ಹಿಡಿತ ಬಿಡಿಸಬೇಕು, ಆಮೇಲೆ ತಿರುಗಿಸುವ ಮಾತು. ಸಂದಿಗೆ ಇಳಿಯುವ ತೆಳು ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ, ರಾತ್ರಿಯೆಲ್ಲ ಹಾಗೇ ಬಿಡುವುದು ಹಳೆಯ ಉಪಾಯ. ಎಣ್ಣೆಗೆ ಸಮಯ ಬೇಕು, ನಮಗೆ ಅದೊಂದು ಬಿಟ್ಟು ಬೇರೆಲ್ಲ ಇರುತ್ತದೆ. ಸುತ್ತಲಿನ ಲೋಹವನ್ನು ಕಾಯಿಸಿ ಬೋಲ್ಟಿನ ಬುಡಕ್ಕೆ ಮೇಣದ ಬತ್ತಿ ತಾಗಿಸುವವರೂ ಇದ್ದಾರೆ, ಕರಗಿದ ಮೇಣ ಸಂದಿಗೆ ಇಳಿಯುತ್ತದೆ. ಎಣ್ಣೆ ಬಿಟ್ಟ ಜಾಗಕ್ಕೇ ಬೆಂಕಿ ಹಿಡಿಯಬಾರದು ಅಂತ ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ವಿದ್ಯೆ ವೆಲ್ಡಿಂಗಿನದು. ಮುರಿದ ತುದಿಯ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ಬೋಲ್ಟಿಗೆ ಬೆಸುಗೆ ಹಾಕುತ್ತಾರೆ. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಹಾಗಾಗಿ ಅಕ್ಕಪಕ್ಕ ಚೆಲ್ಲಿದರೂ ದೊಡ್ಡ ಭಯ ಇಲ್ಲ. ಬೋಲ್ಟಿಗೆ ಹೊಸ ತಲೆ ಬಂತು ಅನ್ನುವುದು ಇದರಲ್ಲಿ ಅರ್ಧ ಲಾಭ. ಇನ್ನರ್ಧ ಕಣ್ಣಿಗೆ ಕಾಣುವುದಿಲ್ಲ. ಕೆಂಪಗೆ ಕಾದ ಬೋಲ್ಟು ದಪ್ಪ ಆಗಲು ನೋಡುತ್ತದೆ, ಸುತ್ತ ಗೋಡೆ ಇರುವುದರಿಂದ ಆಗುವುದಿಲ್ಲ, ತನ್ನನ್ನೇ ತಾನು ಅಮುಕಿಕೊಳ್ಳುತ್ತದೆ. ಆರಿದಾಗ ಮೊದಲಿಗಿಂತ ಒಂದು ಚೂರು ತೆಳ್ಳಗಾಗಿರುತ್ತದೆ, ತುಕ್ಕಿನ ಅಂಟು ಬಿಡುತ್ತದೆ. ಮೊದಲ ಸಲ ನಟ್ಟು ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ಇಟ್ಟು ಬೆಸೆಯುವುದು. ಪ್ರತಿ ಸಲವೂ ಒಳಗೆ ಕೆಲಸ ನಡೆದೇ ಇರುತ್ತದೆ. (ಕಾರಿನ ಬ್ಯಾಟರಿ ಕಳಚಿಟ್ಟು ಮಾಡಬೇಕು, ಇಲ್ಲದಿದ್ದರೆ ಕಾರಿನೊಳಗಿನ ಕಂಪ್ಯೂಟರ್ ಕೆಟ್ಟು ಅದರ ಖರ್ಚು ಬೇರೆ ಬರಬಹುದು.)

ವೆಲ್ಡಿಂಗ್ ತಲುಪದ ಕಡೆ ಡ್ರಿಲ್ಲೇ ಗತಿ. ಮುರಿದ ಮುಖ ಯಾವತ್ತೂ ಓರೆಕೋರೆ, ಅದೂ ಗಟ್ಟಿ ಉಕ್ಕು. ಪಕ್ಕದಲ್ಲೇ ಮೃದು ಅಲ್ಯೂಮಿನಿಯಂ. ಡ್ರಿಲ್ ಬಿಟ್ಟಿಗೆ ಸುಲಭದ ಕಡೆಗೇ ಮನಸ್ಸು, ಜಾರಿ ಅತ್ತಲೇ ಹೋಗುತ್ತದೆ. ಅದಕ್ಕೇ ಮೊದಲು ಮುಖ ಸಮ ಮಾಡಿ, ನಟ್ಟನಡುವೆ ಸೆಂಟರ್ ಪಂಚ್ ಹೊಡೆಯುವುದು. ಅಲ್ಲಿ ಎಷ್ಟು ಹೊತ್ತು ಕಳೆದರೂ ದಂಡವಲ್ಲ. ಎಡಕ್ಕೆ ತಿರುಗಿ ಕೊರೆಯುವ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊರೆಯುವ ಬಿಸಿ, ಅದುರು, ಜೊತೆಗೆ ಬಿಚ್ಚುವ ದಿಕ್ಕಿಗೇ ಎಳೆತ, ಅರ್ಧ ತೂತಾಗುವ ಮೊದಲೇ ಬೋಲ್ಟು ಬಿಟ್ಟಿಗೆ ಕಚ್ಚಿಕೊಂಡು ಹೊರಗೆ ಬರುವುದುಂಟು. ಬರಲಿಲ್ಲವೋ, ಒಂದೊಂದೇ ಸೈಜು ಏರಿಸುತ್ತಾ ಹೋಗುವುದು. ಮಾಮೂಲಿ 8 ಎಂಎಂ ಬೋಲ್ಟಾದರೆ 6.8 ಎಂಎಂ ಬಿಟ್ಟಿಗೆ ಬರುವ ಹೊತ್ತಿಗೆ, ತೂತು ನಡುವಲ್ಲೇ ಇದ್ದರೆ, ಬೋಲ್ಟು ಅನ್ನುವುದೇ ಉಳಿದಿರುವುದಿಲ್ಲ. ಥ್ರೆಡ್‌ನ ಸಂದಿಯಲ್ಲಿ ಅಂಟಿದ ತೆಳು ಸುರುಳಿ ಮಾತ್ರ, ಅದನ್ನು ಸೂಜಿಯಿಂದ ಕೆದಕಿ ತೆಗೆದು, ಥ್ರೆಡ್ ಕೊರೆಯುವ ಟ್ಯಾಪ್ ಓಡಿಸಬಹುದು.

ಎಕ್ಸ್‌ಟ್ರಾಕ್ಟರೂ ಒಳಗೆ ಮುರಿದು ಕೂತವರಿಗೆ ಕೊನೆಯ ಆಸರೆ ಕಿಡಿಯಿಂದ ಕೊರೆಯುವ ಯಂತ್ರ. ಅದರ ಹುಟ್ಟು ನನಗೆ ಬಲು ಇಷ್ಟ. 1943ರಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಮತ್ತು ನತಾಲಿಯಾ ಲಜರೆಂಕೊ ದಂಪತಿ, ವಿದ್ಯುತ್ ಕಾಂಟ್ಯಾಕ್ಟುಗಳು ಕಿಡಿಯಿಂದ ಸವೆಯುವುದನ್ನು ತಡೆಯುವುದು ಹೇಗೆ ಅಂತ ಹುಡುಕುತ್ತಿದ್ದರು. ತಡೆಯಲು ಆಗಲಿಲ್ಲ. ಆ ಸವೆತವನ್ನೇ ಲೋಹ ಕೊರೆಯುವ ಕೆಲಸಕ್ಕೆ ಹಚ್ಚಿದರು. ಕಿಡಿಗೆ ಲೋಹ ಗಡುಸೋ ಮೆದುವೋ ಅನ್ನುವ ಭೇದವಿಲ್ಲ, ವಿದ್ಯುತ್ ಹರಿದರೆ ಸಾಕು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲೂ ಇಂಥದ್ದೇ ಯಂತ್ರ ಹುಟ್ಟಿತು, ಅಲ್ಯೂಮಿನಿಯಂ ಭಾಗಗಳಲ್ಲಿ ಮುರಿದು ಸಿಕ್ಕಿಕೊಂಡ ಟ್ಯಾಪು, ಡ್ರಿಲ್ಲುಗಳನ್ನು ತೆಗೆಯಲೆಂದೇ. ಮುರಿದ ತುಂಡುಗಳ ಕಾಟ ದೊಡ್ಡ ದೊಡ್ಡ ಕಾರ್ಖಾನೆಗಳನ್ನೂ ಬಿಟ್ಟಿಲ್ಲ ಅನ್ನುವುದು ಒಂದು ಥರದ ಸಮಾಧಾನ.

ತೆಗೆಯದೇ ಬಿಟ್ಟರೆ ಏನಾಗುತ್ತದೆ ಅಂತ ಕೇಳುವವರೂ ಇದ್ದಾರೆ, ಕೇಳಬೇಕಾದ್ದೇ. ಮ್ಯಾನಿಫೋಲ್ಡಿನ ಸ್ಟಡ್ ಮುರಿದ ಎಷ್ಟೋ ಗಾಡಿಗಳು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತವೆ, ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದಿ ಮುಚ್ಚಿ ಸದ್ದು ಅಡಗುತ್ತದೆ. ಸದ್ದು ನಿಂತಿತಲ್ಲ ಅಂತ ಮಾಲೀಕರೂ ಸುಮ್ಮನಾಗುತ್ತಾರೆ. ಇದು ಬೇಡ. ಸೋರುವ ಹೊಗೆ, ಸಂದಿ ಮುಚ್ಚುವ ಗ್ಯಾಸ್ಕೆಟ್ಟನ್ನು ಸುಡುತ್ತಾ ಹೋಗುತ್ತದೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗೆ ತಪ್ಪು ಲೆಕ್ಕ ಕೊಡುತ್ತದೆ, ಒಳಗೆ ಕೂತವರ ಮೂಗಿಗೂ ಬರಬಹುದು. ಆದರೆ ಒಂದು ಕವರಿನ ಹತ್ತಾರು ಬೋಲ್ಟುಗಳಲ್ಲಿ ಒಂದು ಮುರಿದಿದೆ, ಎಣ್ಣೆ ಜಿನುಗುತ್ತಿಲ್ಲ ಅಂದರೆ, ಮುಂದೆ ಆ ಕವರ್ ಬಿಚ್ಚುವ ಕೆಲಸ ಬರುವ ತನಕ ನಾನಂತೂ ಅದರ ತಂಟೆಗೆ ಹೋಗುವುದಿಲ್ಲ. ತಲೆಯ ಬುಡದಲ್ಲೇ ಮುರಿದಿದ್ದರೆ, ಕವರ್ ತೆಗೆದ ಮೇಲೆ ಅದರ ದಪ್ಪದಷ್ಟು ತುಂಡು ಹೇಗೂ ಹೊರಗೆ ಚಾಚಿಕೊಂಡಿರುತ್ತದೆ, ಕಚ್ಚಿ ಹಿಡಿಯುವ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಬಹುದು.