ಲೋಫರ್ ತಪ್ಪಿಸಿದ ತುತ್ತು

ಮೊನ್ನೆ ಕೊಡಗಿನ ಆಯುಧಪೂಜೆಯಾದ ಕೈಲ್‌ಮುಹೂರ್ತದ ಹಬ್ಬದಂದು ಹೆಂಡತಿಯ ತವರಿನ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ನೆಂಟರಿಷ್ಟರೆಲ್ಲ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ಹಂದಿ ಮಾಂಸದ ಪಂದಿ ಕರಿಯಲ್ಲಿ ಅದ್ದಿ ಬೆರಳು ಚೀಪುತ್ತಿದ್ದಾಗ, ನಾನೊಬ್ಬ ಮಾತ್ರ ಗಂಜಿಯ ಬಟ್ಟಲಿನ ಮುಂದೆ ಕುಳಿತಿದ್ದೆ. ನನಗೆ ಹೊಟ್ಟೆ ಕೆಟ್ಟಿರಲಿಲ್ಲ, ವೈದ್ಯರು ಪಥ್ಯ ಹೇಳಿರಲಿಲ್ಲ, ವ್ರತವಂತೂ ನಮ್ಮ ಮನೆತನಕ್ಕೇ ಒಗ್ಗಿದ್ದಲ್ಲ. ಒಂದು ಜೊತೆ ಲೋಫರ್ ಶೂ ಹಾಗೂ ಅದರೊಳಗೆ ಹಾಕಿಕೊಂಡಿದ್ದ, ಗೇಣುದ್ದವೂ ಇಲ್ಲದ ಕಾಲುಚೀಲ ಸೇರಿಕೊಂಡು ನನ್ನನ್ನು ಆ ಗತಿಗೆ ತಂದವು. ಸಿಟ್ಟು ಇನ್ನೂ ಆರಿಲ್ಲ.

ನಾನು ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿರುವವನು. ತೋಟ ನೋಡುವುದಕ್ಕೆಂದು, ಕಾಗದಪತ್ರಗಳಿಗೆ ಸಹಿ ಹಾಕಿಸುವುದಕ್ಕೆಂದು ಮನೆಯಿಂದ ಮನೆಗೆ ತಿರುಗುವುದೇ ನನ್ನ ಉದ್ಯೋಗ. ಆಗತಾನೆ ಒರೆಸಿದ ಕೆಂಪು ಸಿಮೆಂಟಿನ ಜಗಲಿಯ ಮೇಲೆ ಶೂ ಹಾಕಿಕೊಂಡು ಕಾಲಿಟ್ಟವನಿಗೆ ಕೊಡಗಿನ ಗೃಹಿಣಿ ಬಾಯಲ್ಲಿ ಏನನ್ನೂ ಹೇಳುವುದಿಲ್ಲ, ಆದರೆ ಕಾಫಿಗೆ ಸಕ್ಕರೆ ಬೀಳುವುದಿಲ್ಲ. ಹಾಗಾಗಿ ಪ್ರತಿ ಹೊಸ್ತಿಲಿನಲ್ಲಿಯೂ ಶೂ ಬಿಚ್ಚಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ನೆನೆದು ಉಬ್ಬಿದ ಲೇಸಿನ ಗಂಟು ಉಗುರಿಗೂ ಬಗ್ಗುವುದಿಲ್ಲ. ಒಂಟಿ ಕಾಲಿನಲ್ಲಿ ನಿಂತು ಅದರೊಡನೆ ಗುದ್ದಾಡುತ್ತಿರುವಾಗ ಮನೆಯ ನಾಯಿ ಬಂದು ಹಿಂದಿನಿಂದ ಮೂಸುತ್ತದೆ, ಯಜಮಾನರು ‘ಪರವಾಗಿಲ್ಲ, ಹಾಗೆಯೇ ಬನ್ನಿ’ ಎನ್ನುತ್ತ, ಹಾಗೆಯೇ ಬಂದುಬಿಟ್ಟಾನೇನೋ ಎಂಬ ಭಯದಲ್ಲಿ ನಮ್ಮ ಕಾಲನ್ನೇ ನೋಡುತ್ತಿರುತ್ತಾರೆ. ಬಗ್ಗದೆ ಹಾಕಿ, ಬಗ್ಗದೆ ಕಳಚಬಹುದಾದ ಲೋಫರ್ ನನ್ನಂಥವರಿಗಾಗಿಯೇ ಹುಟ್ಟಿರಬೇಕೆಂಬುದು ನನ್ನ ಅಭಿಪ್ರಾಯವಾಗಿತ್ತು. ಈಗಲೂ ಅದೇ ಅಭಿಪ್ರಾಯ. ಆದರೆ ಅದನ್ನು ಹುಟ್ಟಿಸಿದವರು ನಮ್ಮ ಮಳೆಯನ್ನು ನೋಡಿರಲಿಲ್ಲ.

ನಾರ್ವೆಯ ಔರ್‌ಲಾಂಡ್ ಎಂಬಲ್ಲಿ ಹೊಲಿಯುತ್ತಿದ್ದ ಶೂಗಳ ಜಾಡು ಹಿಡಿದು ಅಮೆರಿಕದ ಜಿ. ಎಚ್. ಬಾಸ್ ಕಂಪನಿಯು 1936ರಲ್ಲಿ ‘ವೀಜನ್ಸ್’ ಎಂಬ ಹೆಸರಿನಲ್ಲಿ ತಂದದ್ದು ಇಂದಿನ ಪೆನ್ನಿ ಲೋಫರ್. ಪಾದದ ಮೇಲಿನ ಅಡ್ಡಪಟ್ಟಿಯಲ್ಲಿ ಒಂದು ಸಣ್ಣ ಸೀಳಿರುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಅದರಲ್ಲಿ ಪೆನ್ನಿ ಎಂಬ ಒಂದು ಸೆಂಟಿನ ನಾಣ್ಯ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ನಾಣ್ಯ ಹುಡುಕುವ ಮೊದಲೇ ಕೆಸರು ಬಂದು ಆ ಸೀಳನ್ನು ತುಂಬಿಬಿಡುತ್ತದೆ. ಇಟಲಿಯ ಗುಚ್ಚಿ ಕಂಪನಿಯು 1953ರಲ್ಲಿ ಪಟ್ಟಿಯ ಜಾಗಕ್ಕೆ ಕುದುರೆಯ ಕಡಿವಾಣದ ಆಕಾರದ ಲೋಹದ ತುಂಡನ್ನಿಟ್ಟು ಇನ್ನೊಂದು ಬಗೆಯನ್ನು ಮಾಡಿತು. ಅದರ ಅಸಲಿ ಜೋಡಿಯ ಬೆಲೆಗೆ ಯಾರಾದರೂ ನಮ್ಮ ಶಾಖೆಯಲ್ಲಿ ಸಾಲ ಕೇಳಿದರೆ ನಾನು ಪಹಣಿ ತರಲು ಹೇಳುತ್ತೇನೆ; ನಾನು ಕೊಂಡ ನಕಲಿಯ ಕಡಿವಾಣವು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಿಳಿ ಪ್ಯಾಂಟಿನ ಅಂಚಿಗೆ ಶಾಶ್ವತವಾದ ಗುರುತು ಬಿಟ್ಟಿತು. ಗೊಂಡೆ ಇರುವ ಲೋಫರ್ ನೋಡುವುದಕ್ಕೆ ಬಲು ಚೆಂದ, ಆದರೆ ನಾಯಿಮರಿ ಇರುವ ಮನೆಗೆ ಅದನ್ನು ಹಾಕಿಕೊಂಡು ಹೋಗಬಾರದು. ಅಟ್ಟೆಯ ತುಂಬ ರಬ್ಬರಿನ ಗುಬುಟುಗಳಿರುವ ಡ್ರೈವಿಂಗ್ ಲೋಫರ್ ಕಾರಿನ ಪೆಡಲಿನ ಮೇಲೆ ಜಾರಬಾರದೆಂದು ಮಾಡಿದ್ದು. ತೋಟದ ಮಣ್ಣು ಆ ಗುಬುಟುಗಳ ನಡುವೆ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ. ಇನ್ನು ಸ್ವೇಡ್ ಎಂಬ, ಚರ್ಮದ ಒಳಮೈಯನ್ನು ಉಜ್ಜಿ ರೋಮ ಏಳಿಸಿದ ಮಾಲಿನ ಲೋಫರ್ ಬಗ್ಗೆ ಹೇಳದಿರುವುದೇ ಲೇಸು. ಜುಲೈನಲ್ಲಿ ಕಪಾಟಿನೊಳಗಿಟ್ಟ ಕಂದು ಬಣ್ಣದ ಜೋಡಿಯನ್ನು ಆಗಸ್ಟಿನಲ್ಲಿ ತೆಗೆದಾಗ ಅದು ಬೂಷ್ಟು ಹಿಡಿದು ಬೂದು ಬಣ್ಣಕ್ಕೆ ತಿರುಗಿತ್ತು. ಒಲೆಯ ಬಳಿ ಒಣಗಲಿಟ್ಟರೆ ಚರ್ಮ ಬಿರಿಯುತ್ತದೆ, ಬಿಸಿಲಿಗಿಡೋಣವೆಂದರೆ ಆ ಪದಾರ್ಥ ನಮ್ಮಲ್ಲಿ ಅಕ್ಟೋಬರ್‌ಗೆ ಮುಂಚೆ ಸಿಗುವುದಿಲ್ಲ.

ಇಷ್ಟೆಲ್ಲ ಅನುಭವವಾದ ಮೇಲೆ ಹಬ್ಬಕ್ಕೆಂದು ಕುಶಾಲನಗರದ ಅಂಗಡಿಯೊಂದರಲ್ಲಿ ಕಪ್ಪು ಚರ್ಮದ ಸಾದಾ ಪೆನ್ನಿ ಲೋಫರ್ ಕೊಂಡೆ. ಲೇಸಿಲ್ಲದ ಶೂವನ್ನು ಬಿಗಿಗೊಳಿಸುವ, ಸಡಿಲಿಸುವ ಉಪಾಯವಿಲ್ಲ. ಅಡ್ಡಪಟ್ಟಿ ಹಾಗೂ ಹಿಮ್ಮಡಿ ಎರಡೂ ಮೊದಲ ದಿನವೇ ಒಪ್ಪಬೇಕು. ಅಂಗಡಿಯ ಹುಡುಗನಿಗೆ ಅದರ ಚಿಂತೆ ಇರಲಿಲ್ಲ. ಬಿಗಿ ಎಂದರೆ ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ‘ಹಾಕ್ತಾ ಹಾಕ್ತಾ ಬಿಡುತ್ತೆ ಸಾರ್’ ಎನ್ನುತ್ತಿದ್ದ. ಸಡಿಲ ಎಂದರೆ ಅದೇ ಹೆಬ್ಬೆರಳಿನಿಂದ ಅದೇ ಜಾಗವನ್ನು ಒತ್ತಿ ‘ಹಾಕ್ತಾ ಹಾಕ್ತಾ ಕೂರುತ್ತೆ ಸಾರ್’ ಎನ್ನುತ್ತಿದ್ದ. ಜೊತೆಗೆ ಒಂದು ಪೊಟ್ಟಣ ಕಾಲುಚೀಲವನ್ನೂ ಕಟ್ಟಿಕೊಟ್ಟ. ಲೋಫರ್ ಹಾಕಿದಾಗ ಕಾಲುಚೀಲ ಕಾಣಬಾರದಂತೆ. ಆದ್ದರಿಂದ ಬೆರಳುಗಳನ್ನೂ ಹಿಮ್ಮಡಿಯ ಅಂಚನ್ನೂ ಮಾತ್ರ ಮುಚ್ಚುವ ಮಾಸಲು ಬಿಳಿಯ ತುಂಡು. ಅದನ್ನೂ ಹಾಕದೆ ಬರಿಗಾಲಿನಲ್ಲಿ ಲೋಫರ್ ತೊಡುವವರು ಬೆಂಗಳೂರಿನಲ್ಲಿದ್ದಾರೆಂದು ಆತ ಹೇಳಿದ. ಇರಬಹುದು, ಬೆಂಗಳೂರಿನಲ್ಲಿ ಜಿಗಣೆ ಇಲ್ಲ.

ಹಬ್ಬದ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ರಸ್ತೆಯಿಂದ ಐನ್‌ಮನೆಯವರೆಗೆ ನಡೆಯುವಷ್ಟರಲ್ಲಿಯೇ ಆ ಕಾಲುಚೀಲಗಳು ಹಿಮ್ಮಡಿಯನ್ನು ಬಿಟ್ಟು ಪಾದದಡಿಗೆ ಸರಿಯತೊಡಗಿದ್ದವು. ಮೆಟ್ಟಿಲ ಬಳಿ ಲೋಫರ್‌ಗಳನ್ನು ಗತ್ತಿನಿಂದ ಕಳಚಿ, ಕೈ ಕಾಲು ಬಗ್ಗಿಸದ ಹೆಮ್ಮೆಯಲ್ಲಿ ನಡುಮನೆಗೆ ನಡೆದೆ. ತೂಗುದೀಪದಡಿಯಲ್ಲಿ ಕೋವಿಗಳಿಗೆ ಹೂವಿಟ್ಟು ಪೂಜೆಗೆ ಅಣಿ ಮಾಡಿದ್ದರು. ಪಕ್ಕದಲ್ಲಿ ಕುಳಿತಿದ್ದ, ಆ ಮನೆಯಲ್ಲೆಲ್ಲ ಹಿರಿಯರಾದ ಅಜ್ಜಿಯ ಕಾಲಿಗೆ ನಮಸ್ಕರಿಸಲು ಮೊಣಕಾಲೂರಿದೆ. ಎಡಗಾಲಿನ ಚೀಲವು ಶೂವಿನೊಳಗೇ ಉಳಿದಿತ್ತೆಂಬುದು, ಬಲಗಾಲಿನದು ಪೊರೆ ಬಿಡುತ್ತಿರುವ ಹಾವಿನಂತೆ ಅರ್ಧ ಕಳಚಿ ಬೆರಳುಗಳ ಸುತ್ತ ಮುದ್ದೆಯಾಗಿತ್ತೆಂಬುದು ನನಗೆ ಆಗ ತಿಳಿಯದು. ಅಜ್ಜಿ ಆಶೀರ್ವಾದಕ್ಕೆಂದು ಎತ್ತಿದ ಕೈಯನ್ನು ಅಲ್ಲಿಯೇ ನಿಲ್ಲಿಸಿ, ‘ಅಯ್ಯೋ ಮಗಾ, ಕಾಲಿಗೇನಾಯ್ತು? ಬ್ಯಾಂಡೇಜು ಕಟ್ಟಿಕೊಂಡು ಬಂದಿದ್ದೀಯಲ್ಲ!’ ಎಂದರು.

ಕಾಣಬಾರದೆಂದೇ ತೊಡುವ ಕಾಲುಚೀಲವೊಂದು ಲೋಕದಲ್ಲಿದೆ ಎಂಬುದನ್ನು, ಅದಕ್ಕೆ ದುಡ್ಡು ಕೊಡುವವರೂ ಇದ್ದಾರೆ ಎಂಬುದನ್ನು, ಎಂಬತ್ತು ದಾಟಿದ ಹಿರಿಯರಿಗೆ ಪೂಜೆಯ ಹೊತ್ತಿನಲ್ಲಿ ವಿವರಿಸುವುದು ಹೇಗೆ? ನಾನು ಮಾತು ಹುಡುಕುತ್ತಿರುವಾಗಲೇ ಭಾವಮೈದುನ ಕುರ್ಚಿ ತಂದ. ಇನ್ನಾರೋ ಅರಿಶಿನದ ಡಬ್ಬಿ ತಂದರು. ‘ಬೇಡ, ಒಳಗೆ ಔಷಧಿ ಇರಬಹುದು, ಬಿಚ್ಚಬೇಡಿ’ ಎಂದು ಅಜ್ಜಿಯೇ ತಡೆದದ್ದರಿಂದ ಮಾನ ಉಳಿಯಿತು; ಆದರೆ ಆ ಕ್ಷಣದಿಂದ ನಾನು ಅಧಿಕೃತವಾಗಿ ಗಾಯಾಳುವಾದೆ. ಗಾಯಾಳುವಿಗೆ ನೆಲದ ಮೇಲೆ ಕೂರುವ ಹಕ್ಕಿಲ್ಲ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಸರದಿಯೂ ಇಲ್ಲ. ಕಳೆದ ಹಬ್ಬದಿಂದ ನಾನು ಕಾದದ್ದು ಆ ಸರದಿಗೆ. ಅಂಗಳದಲ್ಲಿ ಢಂ ಎಂದು ಕೋವಿ ಹಾರಿದಾಗಲೆಲ್ಲ ‘ಬೆಚ್ಚಿಬಿದ್ದು ಕಾಲು ಅಲುಗಿಸಬೇಡಿ’ ಎಂದು ಪಕ್ಕದಲ್ಲಿದ್ದ ಹೆಂಗಸರು ಎಚ್ಚರಿಸುತ್ತಿದ್ದರು.

ಗಾಯವೆಂದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ. ಮೊದಲು ನಾನು ಬ್ಯಾಂಕಿನ ಮೆಟ್ಟಿಲಲ್ಲಿ ಜಾರಿದೆನೆಂದಾಯಿತು. ಹಿತ್ತಲಿನ ಗುಂಪಿಗೆ ಹೋಗಿ ಬರುವಷ್ಟರಲ್ಲಿ ಅದು ಸಾಲದ ತೋಟ ನೋಡಲು ಹೋದಾಗ ಕಾಫಿ ಗಿಡಗಳ ನಡುವೆ ಓಡುತ್ತ ಚರಂಡಿಗೆ ಬಿದ್ದದ್ದಾಗಿತ್ತು. ತೋಟದಲ್ಲಿ ಬ್ಯಾಂಕಿನವನು ಓಡುವುದೇಕೆ ಎಂದು ಯಾರೋ ಕೇಳಿರಬೇಕು. ಊಟದ ಹೊತ್ತಿಗೆ ಆನೆ ಬಂದಿತ್ತು. ನಮ್ಮಲ್ಲಿ ಆನೆ ಬಂತೆಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಗುರುತಿಲ್ಲದ ನೆಂಟರೊಬ್ಬರು ನನ್ನ ಭುಜ ತಟ್ಟಿ, ‘ಒಂಟಿಸಲಗವಂತೆ, ಪುಣ್ಯಕ್ಕೆ ಉಳಿದಿರಿ’ ಎಂದರು. ಮತ್ತೊಬ್ಬರು ಅರಣ್ಯ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಹಾಕಿದಿರಾ ಎಂದು ವಿಚಾರಿಸಿ, ಬೇಕಾದ ದಾಖಲೆಗಳ ಪಟ್ಟಿಯನ್ನೂ ಒಪ್ಪಿಸಿದರು. ಎಲ್ಲ ತಿಳಿದ ಹೆಂಡತಿ ತುಟಿ ಬಿಗಿಹಿಡಿದು ಕೇಳುತ್ತಿದ್ದಳು. ಎಲೆ ಹಾಕಿದಾಗ ಅಜ್ಜಿಯ ತೀರ್ಪು ಒಳಗಿನಿಂದ ಬಂತು: ಗಾಯಕ್ಕೆ ಹಂದಿ ಮಾಂಸ ನಂಜು, ಅವನಿಗೆ ಗಂಜಿ ಕೊಡಿ. ನನ್ನ ಪಾಲಿನ ಪಂದಿ ಕರಿ ಕಣ್ಣ ಮುಂದೆಯೇ ಹೆಂಡತಿಯ ಎಲೆಗೆ ಹೋಯಿತು. ಅವಳು ಎರಡನೆಯ ಸಲವೂ ಹಾಕಿಸಿಕೊಂಡಳು.

ಅಂದು ಮೋಸ ಹೋಗದವರು ಮಾವ ಒಬ್ಬರೇ. ಅವರು ಸುಬೇದಾರರಾಗಿ ಸೇನೆಯಿಂದ ನಿವೃತ್ತರಾದವರು. ಭಾನುವಾರಕ್ಕೊಮ್ಮೆ ಕಪ್ಪು ಲೇಸಿನ ಶೂಗಳನ್ನು ಜಗಲಿಯಲ್ಲಿಟ್ಟುಕೊಂಡು ಮುಖ ಕಾಣುವಂತೆ ಪಾಲಿಶ್ ಮಾಡುವವರು. ನಾನು ಹೋದಾಗಲೆಲ್ಲ ಮೊದಲು ನೋಡುವುದು ನನ್ನ ಕಾಲನ್ನು, ಆಮೇಲೆ ಮುಖವನ್ನು. ಲೇಸ್ ಕಟ್ಟಲು ಪುರುಸೊತ್ತಿಲ್ಲದವರಿಗೆ ಇನ್ನಾವುದಕ್ಕೆ ಪುರುಸೊತ್ತಿದ್ದೀತು ಎಂಬ ಅವರ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಊಟವಾದ ಮೇಲೆ ಅವರು ಮೆಟ್ಟಿಲ ಬಳಿ ಹೋಗಿ, ನನ್ನ ಎಡಗಾಲಿನ ಲೋಫರ್‌ನೊಳಕ್ಕೆ ಊರುಗೋಲಿನ ತುದಿಯನ್ನಿಳಿಸಿ, ಅಲ್ಲಿದ್ದ ಒದ್ದೆ ತುಂಡನ್ನು ಮೇಲೆತ್ತಿ ಹಿಡಿದರು.

‘ಏನಿದು?’

‘ಕಾಲುಚೀಲ, ಮಾವ.’

‘ಉಳಿದದ್ದೆಲ್ಲಿ?’

ಉತ್ತರ ಹೊಳೆಯಲಿಲ್ಲ. ಅವರು ಅದನ್ನು ಮತ್ತೆ ಶೂವಿನೊಳಕ್ಕೆ ಬಿಟ್ಟು, ಆನೆಯ ವಿಷಯವನ್ನು ಯಾರ ಎದುರೂ ಎತ್ತದೆ ಒಳಗೆ ಹೋದರು. ಸೇನೆಯ ಶಿಸ್ತೆಂದರೆ ಇದೇ ಇರಬೇಕು.

ಕುರ್ಚಿಯನ್ನು ಮೆಟ್ಟಿಲಿಗೆದುರಾಗಿ ಹಾಕಿದ್ದರಿಂದ ಮಧ್ಯಾಹ್ನವಿಡೀ ನನಗೆ ಕಾಣುತ್ತಿದ್ದದ್ದು ಸಾಲಾಗಿ ಬಿಟ್ಟ ಪಾದರಕ್ಷೆಗಳು. ತೋಟದ ಗಮ್‌ಬೂಟು, ಸವೆದ ಹವಾಯಿ ಚಪ್ಪಲಿ, ಒಂದೆರಡು ಜೊತೆ ಹೊಸ ಸ್ಪೋರ್ಟ್ಸ್ ಶೂ. ನಾನು ಈ ಮನೆಯ ಅಳಿಯನಾದ ವರ್ಷ ಆ ಸಾಲು ಮೆಟ್ಟಿಲಿಳಿದು ಅಂಗಳದ ತುದಿಯವರೆಗೂ ಹೋಗಿತ್ತು. ಮಕ್ಕಳ ಪುಟ್ಟ ಚಪ್ಪಲಿಗಳು ದೊಡ್ಡವರ ಬೂಟುಗಳೊಳಗೆ ಸೇರಿಕೊಂಡು ಹೊರಡುವಾಗ ಅರ್ಧ ಗಂಟೆ ಹುಡುಕಾಟ ನಡೆಯುತ್ತಿತ್ತು. ಆ ಮಕ್ಕಳಲ್ಲಿ ಕೆಲವರು ಈಗ ಬೆಂಗಳೂರಿನಲ್ಲಿ, ಕೆಲವರು ದುಬೈನಲ್ಲಿ. ಈ ಸಲ ಎಲ್ಲ ಜೋಡಿಗಳೂ ಮೆಟ್ಟಿಲಿನ ಮೇಲೆಯೇ ಹಿಡಿಸಿದ್ದವು, ಯಾರೂ ಏನನ್ನೂ ಹುಡುಕಬೇಕಾಗಲಿಲ್ಲ.

ವಾರ ಕಳೆಯುವ ಮೊದಲೇ ಅತ್ತೆಯವರು ಹೆಂಡತಿಗೆ ಫೋನ್ ಮಾಡಿ ಗುಟ್ಟಾಗಿ ಒಂದು ವಿಷಯ ಹೇಳಿದರು. ಮಾವನವರಿಗೆ ಮಂಡಿನೋವು ಹೆಚ್ಚಾಗಿ ಈಚೆಗೆ ಬಗ್ಗಲಾಗುತ್ತಿಲ್ಲ, ಬೆಳಿಗ್ಗೆ ಲೇಸನ್ನು ಅತ್ತೆಯವರೇ ಕಟ್ಟಿಕೊಡುತ್ತಿದ್ದಾರೆ, ಅಳಿಯನಿಗೆ ಶೂಗಳ ವಿಷಯ ಗೊತ್ತಿರುವುದರಿಂದ ಒಂದು ಜೊತೆ ತಂದುಕೊಡಬೇಕಂತೆ. ಬಣ್ಣ ಕಪ್ಪಿರಬೇಕು, ಗೊಂಡೆ ಕೂಡದು, ಕಡಿವಾಣ ಕೂಡದು. ಲೇಸ್ ಇರಲೇಬೇಕು, ಆದರೆ ಕಟ್ಟುವ ಹಾಗಿರಬಾರದು.

ಈ ಬೇಡಿಕೆಯನ್ನು ಹೊತ್ತು ಕುಶಾಲನಗರದ ಅದೇ ಅಂಗಡಿಗೆ ಹೋದೆ. ಎಲಾಸ್ಟಿಕ್ ಲೇಸಿನ ಶೂಗಳನ್ನು ಹುಡುಗ ತೋರಿಸಿದ. ಅವೆಲ್ಲ ಶಾಲೆಯ ಡ್ರಿಲ್ ತರಗತಿಗೆ ಹೊರಟಂತಿದ್ದವು. ದೋಣಿಯಲ್ಲಿ ಹಾಕುವ ಶೂ ತೋರಿಸಿದ. ಅದರ ಚರ್ಮದ ದಾರಕ್ಕೂ ಗಂಟು ಹಾಕಬೇಕು. ಕೊನೆಗೆ ಮೇಲಿನ ಅಟ್ಟಣಿಗೆಯಿಂದ ಒಂದು ಡಬ್ಬ ಇಳಿಸಿ, ಧೂಳು ಕೊಡವಿ, ಬೆಲ್ಜಿಯನ್ ಲೋಫರ್ ಎಂದ. ಕಪ್ಪು ಬಣ್ಣ, ಮೆತ್ತನೆಯ ಚರ್ಮ, ಪಟ್ಟಿಯಿಲ್ಲ, ಗೊಂಡೆಯಿಲ್ಲ. ಮುಂಭಾಗದಲ್ಲಿ ಮಾತ್ರ ಹೆಣ್ಣುಮಕ್ಕಳ ಜಡೆಗೆ ಕಟ್ಟುವಂಥ ಒಂದು ಪುಟ್ಟ ಬೋ. ‘ಲೇಸೇ ಸಾರ್, ಕಟ್ಟಿಯೇ ಬಂದಿರುತ್ತೆ’ ಎಂದು ಹೆಬ್ಬೆರಳಿನಿಂದ ತುದಿಯನ್ನು ಒತ್ತಿದ. ಮುಂಗಡ ಕೊಟ್ಟು ಒಂಬತ್ತನೇ ಸೈಜನ್ನು ಎತ್ತಿಡಿಸಿ ಬಂದಿದ್ದೇನೆ. ಕೊಡುವ ದಿನ ನಾನೊಬ್ಬನೇ ಹೋಗುವುದಿಲ್ಲವೆಂದು ಮನೆಯಲ್ಲಿ ಈಗಾಗಲೇ ತಿಳಿಸಿದ್ದೇನೆ.