ಎದುರು ಅರ್ಥಧಾರಿ ಇಲ್ಲದ ಕಥೆ

ಸಿಯಾಟಲ್‌ನಲ್ಲಿ ಹೊಸ ಸಾಮಾನಿನ ಕೆಲಸ ಶುರುವಾಗುವುದೇ ಕಥೆಯಿಂದ. ಇಲ್ಲಿನ ಅಮೆಜಾನ್ ಅದಕ್ಕೆ ಹೆಸರುವಾಸಿ: ಏನೂ ತಯಾರಾಗುವ ಮೊದಲೇ ಬಿಡುಗಡೆಯ ದಿನದ ಪತ್ರಿಕಾ ಪ್ರಕಟಣೆ ಬರೆಯುತ್ತಾರೆ, ಬೆನ್ನಿಗೆ ಗಿರಾಕಿ ಕೇಳಬಹುದಾದ ಪ್ರಶ್ನೆಗಳು, ಉತ್ತರಗಳು. ಮಂಗಳೂರು, ಮಣಿಪಾಲದ ತಂಡಗಳಲ್ಲಿ, ನಾನು ಕಂಡಂತೆ, ಕಥೆ ಬರುವುದು ಕೊನೆಗೆ, ಜಾಹೀರಾತಿಗೆ. ವಿಚಿತ್ರವೇ ಸರಿ. ಕಥೆಯನ್ನು ಒರೆಗೆ ಹಚ್ಚುವ ವಿದ್ಯೆ ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರಿಗೆ ಯಾರೂ ಕಲಿಸಬೇಕಿಲ್ಲ. ಅಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಇರುತ್ತದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು ಕೂತಲ್ಲೇ ಹುಟ್ಟುತ್ತದೆ. ರಾಮ ಎಷ್ಟೇ ಚಂದ ಮಾತಾಡಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ವಾಲಿ ಕೇಳದೆ ಬಿಡುವುದಿಲ್ಲ.

ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಮೀನು ಮನೆಗೆ ತಲುಪಿಸುವ ಆ್ಯಪ್ ಅಂತಿಟ್ಟುಕೊಳ್ಳಿ. ಅದರ ಕಥೆಗೆ ಆರು ಹಾಳೆ ಸಾಕು. ಒಂದೊಂದರಲ್ಲಿ ಒಂದು ಚಿತ್ರ, ಒಂದು ವಾಕ್ಯ. ಮೊದಲ ಎರಡರಲ್ಲಿ ಫೋನ್ ಕಾಣಲೇಬಾರದು: ಯಾರು, ಎಷ್ಟು ಹೊತ್ತಿಗೆ, ಕೈಯಲ್ಲಿ ಏನು, ಅಷ್ಟೇ. ಕೊನೆಯದು 'ಆರ್ಡರ್ ಆಯಿತು' ಎಂಬಲ್ಲಿ ನಿಂತರೆ ಅದು ಕಂಪನಿಯ ಕಥೆ. ಗಿರಾಕಿಯದು ಬಂಗುಡೆ ಮೆಟ್ಟುಕತ್ತಿ ಮುಟ್ಟುವವರೆಗೂ ಮುಗಿಯುವುದಿಲ್ಲ.

ಆಮೇಲೆ ತಂಡದ ಒಬ್ಬರನ್ನು ವಾಲಿಯಾಗಿ ಕೂರಿಸಿ. ಮೀನು ಮಾರುವಾಕೆಯ ಕೈ ಒದ್ದೆ. ಟಚ್ ಪರದೆ ನೀರ ಹನಿಯನ್ನೂ ಬೆರಳೆಂದುಕೊಳ್ಳುತ್ತದೆ, ಅವಳು ತೂಕ ಒತ್ತುವುದು ಹೇಗೆ? ಗುಂಡಿ ದೊಡ್ಡದು ಮಾಡಿದರೆ ಆಗದು. ಅಂಕಿ ತಕ್ಕಡಿಯಿಂದಲೇ ಬರಬೇಕು, ಇಲ್ಲವೇ ತುಳುವಿನಲ್ಲಿ ಹೇಳಿದರೆ ಸಾಕಾಗಬೇಕು. ಏಲಂನಲ್ಲಿ ಬೆಲೆ ಗಳಿಗೆಗೊಂದು. ರಾತ್ರಿ ತೋರಿಸಿದ ದರಕ್ಕೆ ಬೆಳಿಗ್ಗೆ ಹೊಣೆ ಯಾರು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಪರದೆಯ ಮೇಲೆ ಏನು? ಎರಡು ತಿಂಗಳು 'ಸ್ಟಾಕ್ ಇಲ್ಲ' ಎಂದರೆ ಗಿರಾಕಿ ಆ್ಯಪನ್ನೇ ಅಳಿಸಿಬಿಡುತ್ತಾನೆ. ನಾಡದೋಣಿಯ ಮೀನು, ಒಣಮೀನು ಆ ಹಾಳೆಯಲ್ಲಿ ಇರಲೇಬೇಕು. ಉತ್ತರ ಸಿಗದ ಹಾಳೆಯನ್ನು ತೇಪೆ ಹಾಕದೆ ಹರಿದು ಹೊಸದಾಗಿ ಬರೆಯಿರಿ.

ಸಿಯಾಟಲ್‌ನ ಕ್ರಮದ ಕೊರತೆ ಇದೇ: ಪ್ರಶ್ನೆ ಬರೆಯುವವರೂ ಉತ್ತರ ಬರೆಯುವವರೂ ಒಬ್ಬರೇ, ಹಾಗಾಗಿ ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯೇ ಮೊದಲು ಹೊಳೆಯುತ್ತದೆ. ಸಭೆಯಲ್ಲಿ ಬೇರೆಯವರು ಕೆದಕುತ್ತಾರೆ ನಿಜ, ಅಷ್ಟರಲ್ಲಿ ಬರೆದವರಿಗೆ ಬರೆದದ್ದರ ಮೇಲೆ ಮೋಹ ಹುಟ್ಟಿರುತ್ತದೆ. ನಮ್ಮ ತಾಳಮದ್ದಳೆಯ ಕ್ರಮದ ದೋಷ ಬೇರೆ. ಮಾತಿಗೆ ಮಾತು ಬೆಳೆದು ಬೆಳಗಾಗುತ್ತದೆ, ಪ್ರಸಂಗ ಮಾತ್ರ ಅಲ್ಲೇ. ಅದಕ್ಕೆ ಒಬ್ಬ ಭಾಗವತರೂ ಬೇಕು, ಹಾಳೆಗೆ ಹತ್ತು ನಿಮಿಷ ದಾಟಿತೋ ಮುಂದಿನ ಪದ್ಯ ಎತ್ತಿಬಿಡಲು.